ಒಂದು ವಾರದಲ್ಲಿ ಮಗು ಏನು ಕಲಿಯುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾಥಮಿಕ ಶಾಲೆಯ ವಾರದ ದಿನಚರಿಯ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿರುವ ಚಿಂತೆ ಉಳಿದ ಹಲವು ಪತ್ರಗಳಲ್ಲೂ ಬೇರೆ ಬೇರೆ ಮಾತುಗಳಲ್ಲಿ ಇದ್ದುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ವಾರವಿಡೀ ಅವರ ತರಗತಿಯಲ್ಲಿ ಒದ್ದೆ ಹತ್ತಿಯ ಮೇಲೆ ಕಾಳು ಇಟ್ಟು ಮೊಳಕೆ ನೋಡುವುದು, ಅದರ ಚಿತ್ರ ಬರೆಯುವುದು, ಕಡ್ಡಿಗಳನ್ನು ಕಟ್ಟು ಕಟ್ಟಿ ಎಣಿಸುವುದು, ಇಷ್ಟೇ ನಡೆಯಿತು. ನೋಟ್‌ಬುಕ್ಕಿನಲ್ಲಿ ಐದಾರು ಪುಟವೂ ತುಂಬಿಲ್ಲ. ಹೀಗಾದರೆ ಓದು ಬರಹ ಬರುವುದು ಯಾವಾಗ?

ಉತ್ತರ: ಶಾಲೆಯಲ್ಲಿ ನಡೆದದ್ದಕ್ಕೆ ಮನೆಗೆ ತಲುಪುವ ಸಾಕ್ಷಿ ನೋಟ್‌ಬುಕ್ ಒಂದೇ ಆಗಿರುವಾಗ ನಿಮಗೆ ಹೀಗೆ ಅನ್ನಿಸುವುದು ಸಹಜ. ಆದರೆ ಆ ಒದ್ದೆ ಹತ್ತಿಯ ಬಟ್ಟಲನ್ನೇ ಹಿಡಿದು ಸೋಮವಾರದಿಂದ ಶುಕ್ರವಾರದವರೆಗೆ ನಡೆದು ನೋಡೋಣ. ಒಳ್ಳೆಯ ಶಿಕ್ಷಕಿ ಕಾಳು ಇಡುವ ಮೊದಲೇ ಮಕ್ಕಳನ್ನು ಕೇಳುತ್ತಾರೆ: ಮೊದಲು ಹೊರಗೆ ಬರುವುದು ಎಲೆಯೋ ಬೇರೋ? ಎಲೆ ಎಂದು ಹೇಳುವ ಮಕ್ಕಳು ಬಹಳ, ಏಕೆಂದರೆ ಅವರು ಗಿಡದಲ್ಲಿ ಕಂಡಿರುವುದು ಎಲೆಯನ್ನೇ. ನೆನೆದ ಕಾಳು ನೀರು ಹೀರಿ ಉಬ್ಬುತ್ತದೆ, ಸಿಪ್ಪೆ ಬಿರಿಯುತ್ತದೆ, ಆಮೇಲೆ ಬೇರು ಹೊರಬಂದು ಕೆಳಮುಖವಾಗಿ ಬಾಗುತ್ತದೆ. ಎಲೆ ಬಿಚ್ಚಿಕೊಳ್ಳುವುದು ಅದಾದ ನಂತರ. ತಾನು ಹೇಳಿದ್ದು ಒಂದು, ಕಣ್ಣೆದುರಿಗೆ ಆದದ್ದು ಇನ್ನೊಂದು ಎಂದು ಏಳು ವರ್ಷದ ಮಗು ತಾನಾಗಿ ಕಂಡುಕೊಂಡಾಗ, ಯಾವ ಪಾಠದ ಪ್ರಶ್ನೋತ್ತರದಿಂದಲೂ ಬಾರದ ಒಂದು ಅಭ್ಯಾಸ ಅದಕ್ಕೆ ಅಂಟಿಕೊಳ್ಳುತ್ತದೆ: ಊಹಿಸಿ, ನೋಡಿ, ತಿದ್ದಿಕೊಳ್ಳುವ ಅಭ್ಯಾಸ. ಉಬ್ಬಿದೆ, ಬಿರಿದಿದೆ, ಬಾಗಿದೆ ಎಂಬ ಪದಗಳು ಆ ಹೊತ್ತಿನಲ್ಲಿ ಮಗುವಿಗೆ ಬೇಕಾಗಿಯೇ ಬರುತ್ತವೆ. ಬೇಕಾಗಿ ಬಂದ ಪದ ನಿಲ್ಲುತ್ತದೆ.

ಗುರುವಾರದ ಹೊತ್ತಿಗೆ ಅಳತೆ ಶುರುವಾಗುತ್ತದೆ. ಅಳತೆಪಟ್ಟಿಯ ಸೊನ್ನೆಯಿಂದ ಹಿಡಿಯುವ ಬದಲು ಒಂದರಿಂದ ಹಿಡಿಯುವುದು ಈ ವಯಸ್ಸಿನವರ ಸಾಮಾನ್ಯ ತಪ್ಪು. ಒಂದೇ ಮೊಳಕೆಯನ್ನು ಇಬ್ಬರು ಅಳೆದು ಎರಡು ಉತ್ತರ ಬಂದಾಗ ಅದು ಬಯಲಾಗುತ್ತದೆ, ಮತ್ತು ಆಗ ನಡೆಯುವ ವಾದವೇ ಆ ದಿನದ ಗಣಿತದ ಪಾಠ. ಪ್ರತಿದಿನದ ಎತ್ತರಕ್ಕೆ ಸರಿಯಾಗಿ ಒಂದೊಂದು ಕಾಗದದ ಪಟ್ಟಿ ಕತ್ತರಿಸಿ ಸಾಲಾಗಿ ಅಂಟಿಸಿದರೆ, ಹೆಸರು ಹೇಳದೆಯೇ ಸ್ತಂಭಾಲೇಖದ ಕಲ್ಪನೆ ಬಂದಿರುತ್ತದೆ. ಕೊನೆಗೆ ನಿಮ್ಮ ಮಗಳು ಎರಡೇ ವಾಕ್ಯ ಬರೆದಿರಬಹುದು. ಕರಿಹಲಗೆಯಿಂದ ನಕಲು ಮಾಡಿದ ಇಪ್ಪತ್ತು ವಾಕ್ಯಗಳಿಗಿಂತ, ತಾನು ಕಂಡದ್ದನ್ನು ತನ್ನದೇ ಮಾತಿನಲ್ಲಿ ಬರೆದ ಆ ಎರಡು ವಾಕ್ಯಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಡ್ಡಿಗಳ ವಿಷಯ ಇನ್ನೂ ಮುಖ್ಯವಾದುದು. ಮೂವತ್ತೈದು ಬರೆ ಎಂದರೆ 305 ಎಂದು ಬರೆಯುವ ಮಕ್ಕಳನ್ನು ಈ ತರಗತಿಯ ಶಿಕ್ಷಕರೆಲ್ಲರೂ ನೋಡಿರುತ್ತಾರೆ. ಅದು ಅಜಾಗರೂಕತೆಯಲ್ಲ, ಮೂವತ್ತು, ಅದರ ಮುಂದೆ ಐದು ಎಂದು ಕಿವಿಗೆ ಬಿದ್ದದ್ದನ್ನು ಮಗು ಪ್ರಾಮಾಣಿಕವಾಗಿ ಬರೆದಿರುತ್ತದೆ. ಹತ್ತು ಕಡ್ಡಿಗಳ ಮೂರು ಕಟ್ಟು, ಬಿಡಿ ಕಡ್ಡಿ ಐದು ಎಂದು ಕೈಯಲ್ಲಿ ಹಿಡಿದಾಗಲೇ 35ರಲ್ಲಿರುವ 3 ಏಕೆ ಮೂವತ್ತು ಎಂಬುದು ತಿಳಿಯುತ್ತದೆ. 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲಿ ಹತ್ತು ಮಣಿಗಳ ಸರಳು, ನೂರು ಮಣಿಗಳ ಚೌಕ, ಸಾವಿರ ಮಣಿಗಳ ಘನ ಎಂಬ ಉಪಕರಣಗಳು ಇರುವುದು ಇದೇ ಕಾರಣಕ್ಕೆ. ಸಾವಿರ ಎಂಬುದು ನೂರಕ್ಕಿಂತ ಎಷ್ಟು ಭಾರ ಎಂದು ಮಗುವಿನ ಕೈಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಚಟುವಟಿಕೆ ಎಂದು ಕರೆದದ್ದೆಲ್ಲ ಕಲಿಕೆಯಾಗುವುದಿಲ್ಲ ಎಂಬ ನಿಮ್ಮ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಮೊಳಕೆಯ ಸಿದ್ಧಚಿತ್ರ ಕೊಟ್ಟು ಬಣ್ಣ ತುಂಬಿಸಿ ಕಳಿಸಿದ್ದರೆ ಆ ವಾರ ನಷ್ಟವೇ. ಹಾಗೆಯೇ ಓದುವ ಕಲೆ ಕಡ್ಡಿ ಕಾಳುಗಳಿಂದ ಬರುವುದಿಲ್ಲ. ಪ್ರತಿದಿನ ಸ್ವಲ್ಪ ಹೊತ್ತು ಮಗು ದೊಡ್ಡವರೊಬ್ಬರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಲೇಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ದಿನವೂ ಸಮಯವಿದೆಯೇ ಎಂದು ಶಿಕ್ಷಕಿಯನ್ನು ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಆಗ ನಿಮ್ಮ ಆತಂಕಕ್ಕೆ ಆಧಾರವಿದೆ.

ಪ್ರಶ್ನೆ: ಶಾಲೆಯಲ್ಲಿ ಇವತ್ತು ಏನು ಮಾಡಿದಿರಿ ಎಂದು ಕೇಳಿದರೆ ನನ್ನ ಮಗ ದಿನವೂ ‘ಏನೂ ಇಲ್ಲ’ ಎನ್ನುತ್ತಾನೆ. ಅವನು ಏನನ್ನಾದರೂ ಮುಚ್ಚಿಡುತ್ತಿದ್ದಾನೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಇಡೀ ದಿನವನ್ನು ಒಂದೇ ಮಾತಿನಲ್ಲಿ ಕಟ್ಟಿಕೊಡುವುದು ಚಿಕ್ಕ ಮಗುವಿಗೆ ಕಷ್ಟದ ಕೆಲಸ, ಅದರಲ್ಲೂ ದಣಿದು ಬಾಗಿಲೊಳಗೆ ಕಾಲಿಟ್ಟ ಗಳಿಗೆಯಲ್ಲಿ. ಅರ್ಧ ಗಂಟೆ ಬಿಟ್ಟುಬಿಡಿ. ಅವನ ತರಗತಿಯ ವೇಳಾಪಟ್ಟಿಯ ಒಂದು ಪ್ರತಿ ನಿಮ್ಮ ಬಳಿ ಇರಲಿ. ‘ಇವತ್ತು ಆಟದ ಪೀರಿಯಡ್‌ನಲ್ಲಿ ನಿನ್ನ ಜೋಡಿ ಯಾರಿದ್ದರು?’, ‘ಕಥೆಯಲ್ಲಿ ಆ ನರಿ ಸಿಕ್ಕಿಬಿತ್ತಾ?’ ಎಂದು ಒಂದು ಸಣ್ಣ ಸಂಗತಿಯನ್ನು ಹಿಡಿದು ಕೇಳಿದರೆ ಅದರ ಹಿಂದೆಯೇ ಉಳಿದದ್ದೂ ಬರುತ್ತದೆ. ಹೇಳಿದ್ದನ್ನು ಅಲ್ಲಲ್ಲೇ ತಿದ್ದಬೇಡಿ. ಮೊದಲು ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾಗಿದ್ದರೆ ಮಾತ್ರ ಅದು ಬೇರೆ ವಿಷಯ; ಆಗ ತಡಮಾಡದೆ ಶಿಕ್ಷಕರನ್ನು ಕಾಣಿರಿ.

ಪ್ರಶ್ನೆ: ನಾನು ನಾಲ್ಕನೆಯ ತರಗತಿಯ ಶಿಕ್ಷಕ. ವಾರದ ಕೊನೆಯ ದಿನ ಕಿರುಪರೀಕ್ಷೆ ಇಡುತ್ತೇನೆ. ಮಕ್ಕಳು ಹಿಂದಿನ ರಾತ್ರಿ ಓದಿಕೊಂಡು ಬಂದು ಅಂಕ ತೆಗೆಯುತ್ತಾರೆ, ಎರಡು ವಾರದ ನಂತರ ಕೇಳಿದರೆ ಮರೆತಿರುತ್ತಾರೆ. ಪರೀಕ್ಷೆಯನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಬಿಡಿಸಿ ಹಂಚಿ. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ತಮ್ಮ ಮರೆವನ್ನೇ ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ದಿನ ಒಟ್ಟಿಗೆ 68 ಸಲ ಹೇಳಿಕೊಂಡು ಪಡೆದ ಫಲವನ್ನು ಮೂರು ದಿನಗಳಿಗೆ ಹಂಚಿದ 38 ಸಲದಲ್ಲೇ ಅವರು ಪಡೆದಿದ್ದರು. ನಿಮ್ಮ ಮಕ್ಕಳ ಹಿಂದಿನ ರಾತ್ರಿಯ ಓದು ಮೊದಲನೆಯ ಬಗೆಯದು. ಇನ್ನೊಂದು ಸಂಗತಿಯೂ ಇದೆ: 2006ರಲ್ಲಿ ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರು; ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ದೊಡ್ಡವರ ಮೇಲಿನ ಪ್ರಯೋಗವಾದರೂ ತರಗತಿಯಲ್ಲಿ ನನ್ನ ಅನುಭವವೂ ಇದೇ ಆಗಿದೆ.

ಆದುದರಿಂದ ನೆನಪಿನಿಂದ ಹೊರತೆಗೆಯುವ ಕೆಲಸ ದಿನವೂ ನಡೆಯಲಿ, ಅಂಕದ ಭಯ ಮಾತ್ರ ಹೋಗಲಿ. ಬೆಳಗಿನ ಮೊದಲ ಐದು ನಿಮಿಷ ಮೂರು ಪ್ರಶ್ನೆ ಕೇಳಿ: ನಿನ್ನೆಯ ಪಾಠದಿಂದ ಒಂದು, ಕಳೆದ ವಾರದಿಂದ ಒಂದು, ಕಳೆದ ತಿಂಗಳಿನಿಂದ ಒಂದು. ಮಕ್ಕಳು ಚೀಟಿಯಲ್ಲಿ ಬರೆದು ತಾವೇ ಸರಿನೋಡಿಕೊಳ್ಳಲಿ. ಉಕ್ತಲೇಖನವನ್ನೂ ಮಗ್ಗಿಯನ್ನೂ ಹೀಗೆಯೇ ಹಂಚಬಹುದು. ಕೊನೆಯ ದಿನದ ಆ ಪೀರಿಯಡ್ಡನ್ನು, ವಾರದಲ್ಲಿ ಯಾರಿಗೆ ಏನು ಬರಲಿಲ್ಲವೋ ಅವರನ್ನು ನಾಲ್ಕೈದು ಮಂದಿಯ ಗುಂಪಾಗಿ ಕೂರಿಸಿಕೊಂಡು ಕಲಿಸಲು ಉಳಿಸಿಕೊಳ್ಳಿ. ಅಂಥ ಸಮಯ ಶಿಕ್ಷಕರಿಗೆ ಬೇರೆ ಯಾವಾಗಲೂ ಸಿಗುವುದಿಲ್ಲವೆಂದು ನನಗೆ ಗೊತ್ತು.

ಪ್ರಶ್ನೆ: ಮೂರನೆಯ ತರಗತಿಯ ನನ್ನ ಮಗಳಿಗೆ ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು. ವೈದ್ಯರು ನೋಡಿ ತೊಂದರೆಯೇನಿಲ್ಲ ಎಂದಿದ್ದಾರೆ. ನಟನೆ ಎಂದು ಗದರಿಸಿದ್ದೂ ಆಯಿತು.

ಉತ್ತರ: ಆತಂಕದಿಂದ ಬರುವ ಹೊಟ್ಟೆನೋವು ನಿಜವಾಗಿಯೂ ನೋಯುತ್ತದೆ, ದಯವಿಟ್ಟು ಇನ್ನು ಗದರಿಸಬೇಡಿ. ಮೊದಲು ನಿದ್ದೆಯನ್ನು ಗಮನಿಸಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಸಲಹೆ. ರಜೆಯಲ್ಲಿ ಎರಡು ಗಂಟೆ ತಡವಾಗಿ ಮಲಗಿ ಏಳುವ ಮಗುವಿಗೆ ಸೋಮವಾರದ ಬೆಳಗು ನಡುರಾತ್ರಿಯಂತೆ ಇರುತ್ತದೆ. ನಂತರ ಸೋಮವಾರದ ವೇಳಾಪಟ್ಟಿಯನ್ನು ಅವಳ ಜೊತೆ ಕುಳಿತು ನೋಡಿ. ಎಲ್ಲರೆದುರು ಗಟ್ಟಿಯಾಗಿ ಓದಿಸುವ ಪೀರಿಯಡ್ ಅಂದೇ ಇರಬಹುದು, ಜಾಗ ಬದಲಿಸಿ ಕೂರಿಸುವ ದಿನ ಅದೇ ಆಗಿರಬಹುದು. ಕಾರಣ ಸಿಕ್ಕರೆ ಶಿಕ್ಷಕಿಗೆ ತಿಳಿಸಿ, ಮೊದಲ ಕೆಲವು ವಾರ ಅವಳು ಪಕ್ಕದ ಗೆಳತಿಗೆ ಮಾತ್ರ ಓದಿ ಹೇಳುವಂತೆ ಏರ್ಪಾಡು ಮಾಡಿಸಿ. ಶಾಲೆಯನ್ನು ಮಾತ್ರ ತಪ್ಪಿಸಬೇಡಿ. ಒಂದು ಸೋಮವಾರ ಮನೆಯಲ್ಲಿ ಉಳಿದರೆ ಮುಂದಿನ ಸೋಮವಾರ ಅವಳಿಗೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ನೋವು ಬೇರೆ ದಿನಗಳಿಗೂ ಹರಡಿದರೆ, ನಿದ್ದೆಯಿಂದ ಎಬ್ಬಿಸಿದರೆ, ಅಥವಾ ಜ್ವರವೋ ತೂಕ ಇಳಿಯುವುದೋ ಜೊತೆಗೂಡಿದರೆ ಮತ್ತೊಮ್ಮೆ ವೈದ್ಯರಿಗೆ ತೋರಿಸಿ.