ಊಟವಾದ ಕೂಡಲೇ ಮಗುವಿಗೆ ಹೊಟ್ಟೆನೋವು: ಯಾವ ಆಹಾರವನ್ನು ಬಿಡಿಸಬೇಕು?

ನಾಲ್ಕೂವರೆ ವರ್ಷದ ಮಗಳು ಊಟವಾದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ, ಕಾರವಾರದಲ್ಲಿ ಇಬ್ಬರು ವೈದ್ಯರಿಗೆ ತೋರಿಸಿದರೂ ಏನೂ ಕಂಡುಬಂದಿಲ್ಲ, ಹಾಲು ನಿಲ್ಲಿಸಿಯಾಯಿತು, ಇನ್ನು ಗೋಧಿಯನ್ನು ಬಿಡಿಸಬೇಕೋ ಮೀನನ್ನು ಬಿಡಿಸಬೇಕೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಬಿಡಿಸಬೇಡಿ. ಹಾಲನ್ನು ಬಿಡಿಸಿದ್ದೂ ಅವಸರವಾಯಿತೆಂದು ನನಗೆ ಅನ್ನಿಸುತ್ತದೆ. ನಾನು ವೈದ್ಯೆಯಲ್ಲ, ಆದರೆ ಆರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಕಂಡಕಂಡವರ ಮುಂದೆಲ್ಲ ಇಟ್ಟು, ಎಂಟು ತಿಂಗಳು ಕಳೆದುಕೊಂಡವಳು.

ನಮ್ಮದು ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗಿರುವ ತೋಟದ ಮನೆ. ಆ ವರ್ಷ ಮಳೆಗಾಲದ ನಡುವೆ ಮಗಳಿಗೆ ನಾಲ್ಕು ದಿನ ಜ್ವರ ಬಂದು ಹೋಯಿತು. ಅದಾದ ಎರಡು ಮೂರು ವಾರಗಳಲ್ಲಿ ನೋವು ಶುರುವಾಯಿತು. ದೋಸೆ ತಿಂದು ಎದ್ದವಳು ಕೈ ತೊಳೆಯುವಷ್ಟರಲ್ಲಿ "ಆಯಿ, ಹೊಟ್ಟೆ ನೋಯ್ತು" ಎಂದು ಹೊಕ್ಕುಳಿನ ಸುತ್ತ ಕೈಯಿಟ್ಟುಕೊಂಡು ಜಗುಲಿಯ ಮೇಲೆ ಮುದುಡಿ ಮಲಗುತ್ತಿದ್ದಳು. ಮಧ್ಯಾಹ್ನದ ಊಟಕ್ಕೂ ಹಾಗೆಯೇ ಆಗುತ್ತಿತ್ತು. ಸ್ವಲ್ಪ ಹೊತ್ತು ಕಳೆದರೆ ಏನೂ ಆಗದವಳಂತೆ ಎದ್ದು ಕರುವಿನ ಹಿಂದೆ ಓಡುತ್ತಿದ್ದಳು. ಉಣ್ಣದೆ ತಪ್ಪಿಸಿಕೊಳ್ಳುವ ನಾಟಕವೆಂದು ನೆಂಟರು ಹೇಳಿದರು, ದೃಷ್ಟಿಯಾಗಿದೆಯೆಂದು ಅತ್ತೆಯವರು ಉಪ್ಪು ಮೆಣಸು ನಿವಾಳಿಸಿದರು, ಜಂತುಹುಳದ ಮಾತ್ರೆಯನ್ನು ಕೊಟ್ಟದ್ದೂ ಆಯಿತು. ಉಂಡರೆ ನೋವು, ಉಣ್ಣದಿದ್ದರೆ ಇಲ್ಲ. ಹೀಗಿರುವಾಗ ತಪ್ಪು ತಟ್ಟೆಯಲ್ಲಿರುವ ಯಾವುದೋ ಒಂದು ಪದಾರ್ಥದ್ದೇ ಆಗಿರಬೇಕೆಂದು ನಾನು ತೀರ್ಮಾನಿಸಿದೆ. ಮೊದಲು ಹಾಲು ಹೋಯಿತು. ಹತ್ತು ದಿನಗಳಲ್ಲಿ ಗುಣ ಕಾಣದಾಗ ಚಪಾತಿಯೂ ಬಿಸ್ಕತ್ತೂ ಹೋದವು. ಆಮೇಲೆ ತೊಗರಿಬೇಳೆ, ಆಮೇಲೆ ಹಣ್ಣುಗಳು. ದೀಪಾವಳಿಯ ಹೊತ್ತಿಗೆ ಮಗು ಗಂಜಿ ಮತ್ತು ಮಜ್ಜಿಗೆ ಅನ್ನದ ಮೇಲೆ ಬದುಕುತ್ತಿತ್ತು, ತೂಕ ಒಂದು ಗುಂಜಿಯೂ ಏರಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಉಳಿದ ತಾಪತ್ರಯವೆಲ್ಲ ಇದರಿಂದಲೇ ಹುಟ್ಟಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. ನೋವು ಶುರುವಾದ ಕೆಲವು ದಿನಗಳಲ್ಲಿ ಮಗಳ ಚಡ್ಡಿಯಲ್ಲಿ ದಿನಕ್ಕೆ ಎರಡು ಮೂರು ಸಲ ತೆಳ್ಳಗಿನ ಮಲ ತಗುಲಿರುವುದನ್ನು ಕಂಡೆ. ಅದನ್ನು ಭೇದಿಯೆಂದುಕೊಂಡೆ. ಬೇರೆ ಏನಾದರೂ ಆಗಿರಬಹುದೆಂಬ ಅನುಮಾನವೇ ನನ್ನ ತಲೆಯಲ್ಲಿ ಸುಳಿಯಲಿಲ್ಲ. ನಮ್ಮ ಕಡೆ ಭೇದಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಶ್ರದ್ಧೆಯಿಂದ ಮಾಡಿದೆ: ದಾಳಿಂಬೆ ಸಿಪ್ಪೆಯನ್ನು ತುಪ್ಪದಲ್ಲಿ ಹುರಿದು ಅರೆದು ತಂಬುಳಿ ಮಾಡಿ ಉಣ್ಣಿಸಿದೆ, ಬಾಳೆಕಾಯಿಯ ಪಲ್ಯ ಮಾಡಿದೆ, ಬಸಳೆಯನ್ನೂ ಪಪ್ಪಾಯಿಯನ್ನೂ ಹತ್ತಿರ ಸೇರಿಸಲಿಲ್ಲ. ದಾಳಿಂಬೆ ಸಿಪ್ಪೆಯ ಒಗರು ಮಲವನ್ನು ಕಟ್ಟುತ್ತದೆ, ಭೇದಿಯಾದವರಿಗೆ ಅದು ಸರಿ. ಆದರೆ ನನ್ನ ಮಗಳಿಗೆ ಇದ್ದದ್ದು ಮಲಬದ್ಧತೆ. ಅವಳ ಗುದನಾಳದಲ್ಲಿ ವಾರಗಟ್ಟಲೆಯ ಮಲ ಒಟ್ಟಾಗಿ ನಿಂತಿತ್ತು. ಅಲ್ಲಿ ನಿಂತಷ್ಟು ದಿನವೂ ಕರುಳು ಅದರ ನೀರನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಮಲ ಗಟ್ಟಿಯಾಗುತ್ತಲೇ ಹೋಗುತ್ತದೆ. ಗುದನಾಳ ಹಿಗ್ಗಿ ಹಿಗ್ಗಿ, ಕೊನೆಗೆ ಅಲ್ಲಿ ಏನೋ ತುಂಬಿದೆಯೆಂಬ ಸಂವೇದನೆಯನ್ನೇ ಮಗು ಕಳೆದುಕೊಳ್ಳುತ್ತದೆ. ಮೇಲಿನಿಂದ ಹೊಸದಾಗಿ ಬರುವ ತೆಳು ಮಲ ಆ ಗಟ್ಟಿ ಮುದ್ದೆಯ ಪಕ್ಕದಿಂದ ಜಾರಿ, ಮಗುವಿಗೆ ಗೊತ್ತೇ ಆಗದಂತೆ ಬಟ್ಟೆಗೆ ಸೋರುತ್ತದೆ. ನಾನು ಕಂಡದ್ದು ಆ ಸೋರಿಕೆಯನ್ನು. ಕಾಲುವೆಗೆ ಬಂಡೆ ಬಿದ್ದು ನೀರು ಬದಿಯಿಂದ ಜಿನುಗುತ್ತಿರುವಾಗ, ನೀರು ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ಮಣ್ಣು ಹಾಕಿದವಳು ನಾನು.

ಅದಕ್ಕಿಂತ ಕೆಟ್ಟದ್ದೇನೆಂದರೆ, ವೈದ್ಯರ ಮುಂದೆಯೂ ನಾನು ಕಂಡದ್ದನ್ನು ಹೇಳಲಿಲ್ಲ, ತಿಳಿದುಕೊಂಡದ್ದನ್ನು ಹೇಳಿದೆ. "ದಿನಕ್ಕೆ ಮೂರು ಸಲ ಭೇದಿ" ಎಂದೆ. ಚಡ್ಡಿಯಲ್ಲಿ ಕಲೆಯಾಗುತ್ತಿದೆ, ಶೌಚಕ್ಕೆ ಕುಳಿತು ಸರಿಯಾಗಿ ಹೋಗಿ ಎಷ್ಟು ದಿನವಾಯಿತೋ ನೆನಪಿಲ್ಲ ಎಂದಿದ್ದರೆ ಮೊದಲ ದಿನವೇ ಯಾರಿಗಾದರೂ ಹೊಳೆಯುತ್ತಿತ್ತು. ನನ್ನ ಒಂದು ಪದದಿಂದಾಗಿ ಮಲ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಭೇದಿಯ ದಾರಿಯಲ್ಲಿಯೇ ನಡೆದು, ಎಲ್ಲವೂ ಸರಿಯಿದೆ ಎಂಬ ಚೀಟಿಗಳನ್ನು ತಂದುಕೊಟ್ಟವು. ಗೋಧಿಯ ಅಂಟು ಆಗದಿರುವ ಸೀಲಿಯಾಕ್ ಎಂಬ ಕಾಯಿಲೆಗಾಗಿ ಮಾಡಿದ ರಕ್ತ ಪರೀಕ್ಷೆಯಂತೂ ದಂಡವಾಯಿತು. ಗೋಧಿಯನ್ನು ತಿನ್ನುತ್ತಿರುವಾಗಷ್ಟೇ ಆ ಪರೀಕ್ಷೆಯನ್ನು ನಂಬಬಹುದಂತೆ, ನಾನಾದರೋ ಅದನ್ನು ಬಿಡಿಸಿ ಮೂರು ತಿಂಗಳಾಗಿತ್ತು. ಮತ್ತೆ ಆರು ವಾರ ದಿನವೂ ಗೋಧಿ ತಿನ್ನಿಸಿ ಎರಡನೆಯ ಸಲ ರಕ್ತ ತೆಗೆಸಬೇಕಾಯಿತು. ಸೂಜಿ ಕಂಡ ಮಗು ಕಿರುಚಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಗೋಧಿ ಬಿಡಿಸಬೇಕೋ ಎಂಬ ನಿಮ್ಮ ಪ್ರಶ್ನೆಗೆ ನಾನು ಥಟ್ಟನೆ ಬೇಡವೆಂದದ್ದು ಇದಕ್ಕಾಗಿ: ಆ ಅನುಮಾನವಿದ್ದರೆ ಮೊದಲು ಪರೀಕ್ಷೆಯಾಗಲಿ.

ಕೊನೆಗೆ ಘಟ್ಟ ಇಳಿದು ಒಬ್ಬ ಹಿರಿಯ ಮಕ್ಕಳ ವೈದ್ಯರನ್ನು ಕಂಡೆವು. ನಾನು ತಂದಿದ್ದ ಆಹಾರದ ಪಟ್ಟಿಯನ್ನು ಅವರು ಓದದೆ ಪಕ್ಕಕ್ಕಿಟ್ಟು, ಮಗು ಯಾವಾಗಲಾದರೂ ಬಾಗಿಲ ಮರೆಯಲ್ಲಿ ಕಾಲು ಕತ್ತರಿ ಹಾಕಿ ತುದಿಗಾಲಿನ ಮೇಲೆ ನಿಲ್ಲುತ್ತದೆಯೇ ಎಂದು ಕೇಳಿದರು. ನಿಲ್ಲುತ್ತಿದ್ದಳು. ಜಗುಲಿಯ ಕಂಬವನ್ನು ಅಪ್ಪಿಕೊಂಡು, ಮುಖ ಕೆಂಪಾಗಿಸಿಕೊಂಡು, ಬೆವರುತ್ತ ನಿಲ್ಲುತ್ತಿದ್ದಳು, ಮತ್ತು ಪಾಪ, ಶೌಚವಾಗಲೆಂದು ತಿಣುಕುತ್ತಿದ್ದಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಆಗದಿರಲೆಂದು ತಡೆದು ಹಿಡಿಯುತ್ತಿದ್ದಾಳೆ ಎಂದರು ವೈದ್ಯರು. ಆಮೇಲೆ ಅವಳನ್ನು ಮಲಗಿಸಿ, ನನ್ನ ಬೆರಳುಗಳನ್ನು ಹಿಡಿದು ಅವಳ ಹೊಟ್ಟೆಯ ಎಡಗೆಳಭಾಗದಲ್ಲಿ ಒತ್ತಿಸಿದರು. ಒಳಗೆ ಕಡುಬಿನಂಥದ್ದೊಂದು ಸಿಕ್ಕಿತು. ಎಂಟು ತಿಂಗಳಲ್ಲಿ ಆ ಹೊಟ್ಟೆಗೆ ಎಣ್ಣೆ ಹಚ್ಚಿದ್ದೇನೆ, ಇಂಗು ಹಚ್ಚಿದ್ದೇನೆ, ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಹಾಗಾದರೆ ಉಂಡ ಮೇಲೆಯೇ ಏಕೆ ನೋವು ಎಂದು ಕೇಳಿದೆ, ನೀವೂ ಕೇಳುತ್ತೀರಿ. ಆಹಾರ ಜಠರಕ್ಕೆ ಇಳಿದ ಕೂಡಲೇ ದೊಡ್ಡ ಕರುಳು ತಾನಾಗಿಯೇ ಚಲಿಸತೊಡಗುತ್ತದೆ; ಮೇಲೆ ಹೊಸದು ಬಂತು, ಕೆಳಗಿನದನ್ನು ಖಾಲಿ ಮಾಡು ಎಂಬಂತೆ. ಬೆಳಗಿನ ತಿಂಡಿಯ ನಂತರ ಈ ಚಲನೆ ಹೆಚ್ಚು ಜೋರಾಗಿರುತ್ತದೆ. ಕೆಳಗೆ ದಾರಿ ಕಟ್ಟಿದ್ದರೆ ಕರುಳು ಗೋಡೆಯನ್ನು ತಳ್ಳಿದಂತೆ ತಳ್ಳುತ್ತದೆ, ಅದೇ ನೋವು. ಅಂದ ಮೇಲೆ ದೋಸೆ ತಿಂದರೂ ನೋವು, ಗಂಜಿ ಕುಡಿದರೂ ನೋವು. ನಾನು ಪದಾರ್ಥಗಳನ್ನು ಒಂದೊಂದಾಗಿ ತೆಗೆದರೂ ನೋವು ಹೋಗದೆ ಇದ್ದದ್ದರಲ್ಲಿಯೇ ಉತ್ತರವಿತ್ತು, ಆದರೆ ನಾನು ಪ್ರತಿ ಸಲವೂ ಇನ್ನೊಂದನ್ನು ತೆಗೆದೆ.

ತಡೆದು ಹಿಡಿಯಲು ಕಾರಣವೇನೆಂಬುದು ತಿಳಿದದ್ದು ಇನ್ನೂ ತಡವಾಗಿ, ಅದೂ ಅವಳ ಅಪ್ಪಯ್ಯ ರಾತ್ರಿ ಕತೆ ಹೇಳುವಾಗ. ನಮ್ಮ ಹಳೆಯ ಮನೆಯಲ್ಲಿ ಶೌಚಾಲಯ ಕೊಟ್ಟಿಗೆಯ ಆಚೆಗಿದೆ. ಜ್ವರದ ನಂತರ ಮಲ ಗಟ್ಟಿಯಾಗಿ ಒಮ್ಮೆ ನೋವಾಗಿತ್ತಂತೆ. ಅದೇ ವಾರ ಅಲ್ಲಿಗೆ ಹೋಗುವ ಹಸಿ ದಾರಿಯಲ್ಲಿ ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿ, ಕುಳಿತಲ್ಲಿಯೇ ರಕ್ತ ಕಂಡಿತ್ತಂತೆ. ರಕ್ತ ಕಾಲಿನದೆಂದು ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ಬರುವುದನ್ನು ತಡೆದು ನಿಲ್ಲಿಸಿದಳು. ತಡೆದರೆ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ನೋಯುತ್ತದೆ, ನೋಯುವುದರಿಂದ ಮತ್ತೆ ತಡೆಯುತ್ತಾರೆ. ಮಲೆನಾಡಿನ ನಾವು ಉಂಬಳವನ್ನು ಕಿತ್ತೆಸೆದು ಸುಣ್ಣ ಹಚ್ಚಿ ಮರೆತುಬಿಡುತ್ತೇವೆ. ನಾಲ್ಕು ವರ್ಷದವಳು ಮರೆಯುವುದಿಲ್ಲ.

ಚಿಕಿತ್ಸೆ ಸರಳವಾಗಿತ್ತು, ಉದ್ದವಾಗಿತ್ತು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಮೊದಲ ಕೆಲವು ದಿನ ಹೆಚ್ಚಿನ ಪ್ರಮಾಣ, ಒಳಗಿನದೆಲ್ಲ ಹೊರಬರುವ ತನಕ. ಆ ದಿನಗಳಲ್ಲಿ ಬಟ್ಟೆ ಮೊದಲಿಗಿಂತ ಹೆಚ್ಚು ಹಾಳಾಗುತ್ತದೆ, ಹೆದರಬೇಡಿ. ಅನಂತರ ಕಡಿಮೆ ಪ್ರಮಾಣವನ್ನು ತಿಂಗಳುಗಟ್ಟಲೆ ಕೊಟ್ಟು ನಿಧಾನವಾಗಿ ಇಳಿಸಬೇಕು. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ನಿರ್ಧರಿಸುತ್ತಾರೆ, ಅದನ್ನು ನನ್ನ ಬಳಿ ಕೇಳಬೇಡಿ. ಎರಡು ವಾರದಲ್ಲಿ ಮಗಳು ನಗುತ್ತ ಊಟ ಮಾಡತೊಡಗಿದಾಗ ಔಷಧ ನಿಲ್ಲಿಸುವ ಆಸೆ ನನಗೂ ಆಯಿತು, ರೂಢಿಯಾಗಿಬಿಡುತ್ತದೆಂದು ಪಕ್ಕದ ಮನೆಯವರೂ ಹೆದರಿಸಿದರು. ಇದು ಕರುಳಿಗೆ ರೂಢಿಯಾಗುವ ಔಷಧವಲ್ಲ, ಹಿಗ್ಗಿದ ಗುದನಾಳ ಮೊದಲಿನ ಗಾತ್ರಕ್ಕೆ ಬರಲು ತಿಂಗಳುಗಳೇ ಬೇಕು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ಬಚಾವಾದೆವು. ನಮಗೆ ಐದೂವರೆ ತಿಂಗಳು ಹಿಡಿಯಿತು. ಹರಳೆಣ್ಣೆ ಕೊಟ್ಟು ಒಂದೇ ದಿನದಲ್ಲಿ ಶುದ್ಧ ಮಾಡಿಬಿಡೋಣವೆಂದು ಅತ್ತೆಯವರು ಹೇಳಿದ್ದರು, ನಾನು ಒಪ್ಪಲಿಲ್ಲ. ಮಗು ಮತ್ತೊಮ್ಮೆ ನೋವಿನಿಂದ ಹೆದರಿದ್ದರೆ ಎಲ್ಲವೂ ಮೊದಲಿಗೇ ಬರುತ್ತಿತ್ತು.

ಔಷಧದಷ್ಟೇ ಕೆಲಸ ಮಾಡಿದ್ದು ಕೂರಿಸುವ ಹೊತ್ತು. ತಿಂಡಿಯಾಗಿ ಕಾಲು ಗಂಟೆಯ ನಂತರ ಐದು ನಿಮಿಷ, ರಾತ್ರಿ ಊಟದ ನಂತರ ಐದು ನಿಮಿಷ; ಆಗಲಿ ಬಿಡಲಿ, ಗದರಿಸುವಂತಿಲ್ಲ. ನೋವು ತರುತ್ತಿದ್ದ ಅದೇ ಕರುಳಿನ ಚಲನೆಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡೆವು. ಆಚಾರಿ ಬಂದು, ಶೌಚದ ಗುಂಡಿ ಅವಳ ಕಾಲಿನ ಅಳತೆಗೆ ಕಿರಿದಾಗುವಂತೆ ಮೇಲಿಡಲು ಒಂದು ಹಲಗೆಯನ್ನು ಕೊರೆದುಕೊಟ್ಟ. ದಾರಿಗೆ ಹಾಸುಗಲ್ಲು ಹಾಕಿಸಿ ದೀಪ ಎಳೆಸಿದೆವು. ನಿಮ್ಮಲ್ಲಿ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ. ಕಾಲು ನೇತಾಡುತ್ತಿದ್ದರೆ ಮಕ್ಕಳಿಗೆ ತಿಣುಕಲು ಬಲ ಬರುವುದಿಲ್ಲ. ತಟ್ಟೆಗೆ ಮಿಟ್ಲಿ ಬಾಳೆಹಣ್ಣು, ಪಪ್ಪಾಯಿ, ಬಸಳೆ, ಹಾಲು, ಚಪಾತಿ ಎಲ್ಲವೂ ಮರಳಿ ಬಂದವು. ಆದರೆ ಕಟ್ಟಿಕೊಂಡ ಮಲವನ್ನು ಬಾಳೆಹಣ್ಣು ಇಳಿಸುತ್ತದೆಂಬ ಭ್ರಮೆ ಬೇಡ, ನಾರು ಕೆಲಸಕ್ಕೆ ಬರುವುದು ದಾರಿ ತೆರವಾದ ಮೇಲೆ. 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಪಟ್ಟಿಯೆಂಬ ಚಿತ್ರವಿದೆ, ಮಲದ ಏಳು ಬಗೆಗಳು ಅದರಲ್ಲಿವೆ. ಅದನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆ. ಒಂದನೆಯದಕ್ಕೆ ಮಗಳು ಆಡಿನ ಹಿಕ್ಕೆ ಎಂದೂ ನಾಲ್ಕನೆಯದಕ್ಕೆ ಬಾಳೆಹಣ್ಣು ಎಂದೂ ಹೆಸರಿಟ್ಟು, ಪ್ರತಿದಿನ ಕೂಗಿ ಹೇಳುತ್ತಿದ್ದಳು, ಮನೆಗೆ ಬಂದ ಭಟ್ಟರ ಎದುರಿಗೂ.

ನಿಮ್ಮ ಮಗುವಿಗೂ ಇದೇ ಇರುತ್ತದೆಂದು ನಾನು ಹೇಳಲಾರೆ. ಹಸಿರು ವಾಂತಿ, ಮಲದಲ್ಲಿ ರಕ್ತ, ಇಳಿಯುತ್ತಿರುವ ತೂಕ, ಬಿಡದ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳನ್ನು ಬಿಟ್ಟು ಬಲಗೆಳಭಾಗದಲ್ಲಿ ನೆಲೆಸಿದ ನೋವು, ಇವುಗಳಲ್ಲಿ ಯಾವುದೊಂದಿದ್ದರೂ ನನ್ನ ಕತೆಯನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಮೀನು, ಸಿಗಡಿ ತಿಂದಾಗ ಮಾತ್ರ ತುಟಿ ಊದಿಕೊಂಡು ಮೈಯಲ್ಲಿ ದದ್ದು ಏಳುತ್ತಿದ್ದರೆ ಅದು ಅಲರ್ಜಿಯ ಮಾತು, ಆಗ ಅದನ್ನು ಕೊಡಬಾರದು. ಉಸಿರಿಗೆ ತೊಂದರೆಯಾದರೆ ಒಂದು ನಿಮಿಷವೂ ಕಾಯಬಾರದು. ಹಾಲಿನ ಮೇಲೆಯೇ ಅನುಮಾನವಿದ್ದರೆ ವೈದ್ಯರಿಗೆ ತಿಳಿಸಿ, ಅದೊಂದನ್ನೇ ಎರಡರಿಂದ ನಾಲ್ಕು ವಾರ ನಿಲ್ಲಿಸಿ, ಮತ್ತೆ ಕೊಟ್ಟು ನೋಡಬೇಕು. ಮತ್ತೆ ಕೊಟ್ಟು ನೋಡದೆ ಬಿಡಿಸಿದ್ದಕ್ಕೆ ಅರ್ಥವಿಲ್ಲ. ಮಗು ನಾಟಕ ಮಾಡುತ್ತಿದೆಯೆನ್ನುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಆ ಪಟ್ಟಿ ಹುಟ್ಟಿದ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿಯೇ ಜಾನ್ ಆಪ್ಲಿ ಮತ್ತು ನೋರಾ ನೈಶ್ ಎಂಬ ವೈದ್ಯರು ಸಾವಿರ ಶಾಲಾಮಕ್ಕಳನ್ನು ವಿಚಾರಿಸಿ, ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವು ಇದೆಯೆಂದು 1958ರಲ್ಲಿಯೇ ಬರೆದಿದ್ದರು.

ನೀವು ಊಟದ ವಿವರವನ್ನು ಅಷ್ಟು ಚೆನ್ನಾಗಿ ಕೊಟ್ಟಿದ್ದೀರಿ, ಶೌಚದ ಬಗ್ಗೆ ಒಂದು ಸಾಲೂ ಇಲ್ಲ. ಇಂದಿನಿಂದ ಎರಡು ವಾರ ಯಾವ ದಿನ, ಎಷ್ಟು ಹೊತ್ತಿಗೆ, ಏಳರಲ್ಲಿ ಯಾವ ಬಗೆ, ಚಡ್ಡಿಯಲ್ಲಿ ಕಲೆಯಿತ್ತೇ ಎಂದು ಬರೆದಿಡಿ, ಮತ್ತು ಕಲೆಯನ್ನು ಕಲೆಯೆಂದೇ ಬರೆಯಿರಿ, ಭೇದಿಯೆಂದು ಬರೆಯಬೇಡಿ. ಆ ಹಾಳೆಯನ್ನು ವೈದ್ಯರ ಮುಂದಿಟ್ಟು, ಹೊಟ್ಟೆಯನ್ನು ಮುಟ್ಟಿ ನೋಡಿ ಎಂದು ಬಾಯಿಬಿಟ್ಟು ಕೇಳಿ. ಜೂನ್‌ನಲ್ಲಿ ಶಾಲೆಗೆ ಸೇರಿಸಿದ ಮೇಲೆ ನೋವು ಶುರುವಾಯಿತೆಂದು ಬರೆದಿದ್ದೀರಲ್ಲ, ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ನೀರಿದೆಯೇ, ಟೀಚರನ್ನು ಕೇಳಲು ಅವಳಿಗೆ ಹೆದರಿಕೆಯೇ ಎಂಬುದನ್ನು ಇಂದು ರಾತ್ರಿ ಕತೆ ಹೇಳುವ ಹೊತ್ತಿನಲ್ಲಿ ಮೆಲ್ಲಗೆ ವಿಚಾರಿಸಿ.