ರಾಣಿ ರಾಂಪಾಲ್ ಕಾಲಾನುಕ್ರಮಣಿಕೆಯಲ್ಲಿ ಟೋಕಿಯೊ 2020ರದೋ, 2021ರದೋ?
ಭಾರತದ ಮಹಿಳಾ ಹಾಕಿ ತಂಡಕ್ಕೆ ರಾಣಿ ನಾಯಕಿಯಾಗಿದ್ದ ಟೋಕಿಯೊ ಒಲಿಂಪಿಕ್ಸ್‌ಗೆ, ಅವರ ಕಾಲಾನುಕ್ರಮಣಿಕೆ ಬರೆಯುತ್ತಿರುವ ನಿಮಗೆ ಎರಡು ಇಸವಿಗಳು ಸಿಕ್ಕಿರುವುದಕ್ಕೆ ಬಹುಶಃ ಕಾರಣವೆಂದರೆ, ಕೋವಿಡ್‌ನಿಂದಾಗಿ ಕೂಟ ಒಂದು ವರ್ಷ ಮುಂದೆ ಹೋದರೂ ಅದರ ಅಧಿಕೃತ ಹೆಸರು ‘ಟೋಕಿಯೊ 2020’ ಎಂದೇ ಉಳಿಯಿತು. ಮೊದಲು ಆ ಹೆಸರನ್ನು ಹಾಗೆಯೇ ಬರೆದು, ಪಂದ್ಯಗಳಿಗೆ ಮಾತ್ರ 2021ರ ದಿನಾಂಕ ಕೊಡಿ: ಆಗಸ್ಟ್ 2ರಂದು ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಏಕೈಕ ಗೋಲಿನಿಂದ ಆಸ್ಟ್ರೇಲಿಯಾದ ಮೇಲೆ ಕ್ವಾರ್ಟರ್ ಫೈನಲ್ ಗೆಲುವು, ಆಗಸ್ಟ್ 6ರಂದು ಕಂಚಿನ ಪದಕದ ಪಂದ್ಯದಲ್ಲಿ ಬ್ರಿಟನ್‌ಗೆ 3-4ರ ಸೋಲು. ಅನಂತರ ಇದರ ಮೇಲ್ಗಡೆ 2019ರ ನವೆಂಬರ್‌ನ ಭುವನೇಶ್ವರದ ಅರ್ಹತಾ ಪಂದ್ಯಗಳನ್ನು ಸೇರಿಸಿ. ಅಮೆರಿಕದ ಎದುರು ಎರಡನೆಯ ಪಂದ್ಯವನ್ನು 1-4ರಿಂದ ಸೋತರೂ ಎರಡೂ ಪಂದ್ಯಗಳ ಒಟ್ಟು ಗೋಲುಗಳಲ್ಲಿ 6-5ರ ಮುನ್ನಡೆ ದಕ್ಕಿದ್ದು ರಾಣಿಯವರ ಗೋಲಿನಿಂದ (ನನ್ನ ಮಟ್ಟಿಗೆ ಅವರ ಅತ್ಯಂತ ತೂಕದ ಗೋಲು ಅದೇ). ಪದ್ಮಶ್ರೀ, ಖೇಲ್‌ರತ್ನಗಳೆರಡೂ 2020ರವಾದ್ದರಿಂದ ಅವನ್ನು ಟೋಕಿಯೊಗಿಂತ ಮೊದಲೇ ಇಡಿ.