ಹೊಡೀಬೇಕಾ, ಅಡಗಿಸ್ಬೇಕಾ?

ಪ್ರಶ್ನೆ: ಸರ್, ನೈನ್ ಬಾಲ್ ಪೂಲ್ (ಟೇಬಲ್ ಮೇಲೆ ಕೋಲಿಂದ ಬಿಳಿ ಬಾಲ್ ಹೊಡ್ದು ನಂಬರ್ ಬಾಲ್‌ಗಳನ್ನ ಪಾಕೆಟ್‌ಗೆ ಬೀಳಿಸೋ ಆಟ) ಟೂರ್ನಮೆಂಟ್ ಆಡ್ತೀನಿ. ಕಷ್ಟದ ಶಾಟ್ ಕಂಡ್ರೂ ಹೊಡ್ದೇಬಿಡ್ತೀನಿ, ಮಿಸ್ಸಾದ್ರೆ ಎದುರಿನವ್ನು ಪೂರ್ತಿ ಕ್ಲಿಯರ್ ಮಾಡ್ತಾನೆ. ಸೇಫ್ಟಿ (ಬಾಲ್ ಬೀಳಿಸೋ ಬದ್ಲು ಎದುರಿನವ್ನಿಗೆ ಸುಲಭದ ಶಾಟ್ ಸಿಗದ ಹಾಗೆ ಬಿಡೋದು) ಆಡಿದ್ರೆ ಫ್ರೆಂಡ್ಸು ಪುಕ್ಕಲ ಅಂತಾರೆ. ಏನ್ಮಾಡ್ಲಿ?
– ಓದುಗ, ಸರಸ್ವತಿಪುರಂ, ಮೈಸೂರು

ಉತ್ತರ: ಅವ್ರ್ ಮಾತು ಬಿಡಿ, ಒಳ್ಳೇ ಸೇಫ್ಟಿನೂ ಅಟ್ಯಾಕೇ. ಟೇಬಲ್ ಮೇಲಿರೋ ಅತಿ ಚಿಕ್ಕ ನಂಬರ್ ಬಾಲ್‌ಗೇ ಮೊದ್ಲು ತಾಗಿಸ್ಬೇಕು ಅಲ್ವಾ, ಅದನ್ನ ಬೇರೆ ಬಾಲ್ ಹಿಂದೆ ಅಡಗಿಸಿಟ್ರೆ ಎದುರಿನವ್ನು ತಾಗಿಸೋಕೇ ಒದ್ದಾಡ್ತಾನೆ, ತಪ್ಪಿದ್ರೆ ಫೌಲು, ಬಿಳಿ ಬಾಲ್ ನಿಮ್ ಕೈಗೆ, ಎಲ್ಲಿ ಬೇಕಾದ್ರೂ ಇಟ್ಕೊಂಡು ಹೊಡೀಬಹುದು. ಸ್ನೂಕರ್ ಆಡಿ ಬಂದವ್ರು ಇದ್ರ ಬೆಲೆ ಕಮ್ಮಿ ಅಂದ್ಕೋತಾರೆ, ಅಲ್ಲಿ ಫೌಲ್‌ಗೆ ಪಾಯಿಂಟ್ ಸಿಗುತ್ತೆ, ಈ ಥರ ಫ್ರೀಯಾಗಿ ಬಾಲ್ ಇಡೋಕಾಗಲ್ಲ.

ಹೊಡಿಯೋಕ್ ಮುಂಚೆ ಎರಡೇ ವಿಷ್ಯ ನೋಡಿ: ಈ ಶಾಟ್ ಪ್ರಾಕ್ಟೀಸಲ್ಲಿ 10ಕ್ಕೆ 7 ಸಲನಾದ್ರೂ ಬೀಳುತ್ತಾ, ಬಿದ್ರೂ ಮುಂದಿನ ಬಾಲ್‌ಗೆ ಪೊಸಿಷನ್ ಸಿಗುತ್ತಾ, ಅಂದ್ರೆ ಬಿಳಿ ಬಾಲ್ ಅದನ್ನ ಹೊಡಿಯೋಕೆ ಅನುಕೂಲವಾದ ಜಾಗದಲ್ಲಿ ನಿಲ್ಲುತ್ತಾ. ಎರಡು ಬಾಲ್ ಅಂಟ್ಕೊಂಡು ಕೂತಿದ್ದು ಬಿಡಿಸೋಕೆ ದಾರಿ ಇಲ್ಲ ಅಂದ್ರೆ ಈಗ್ಲೇ ಸೇಫ್ಟಿ ಆಡಿ, ಅರ್ಧ ಕ್ಲಿಯರ್ ಮಾಡಿ ಸಿಕ್ಕಾಕೊಂಡ್ರೆ ಅವ್ನಿಗೇ ದಾರಿ ಸುಲಭ. ಆದ್ರೆ ಬಾಲ್‌ಗಳು ಬಿಡಿಬಿಡಿಯಾಗಿರೋ ಓಪನ್ ಟೇಬಲಲ್ಲಿ ಹಿಂಜರೀಬೇಡಿ, ಧೈರ್ಯವಾಗಿ ಹೊಡೀರಿ!